ತೊಟ್ಟಿಲೇರಿದ ಮೆಟ್ರೊ ಕಲ್ಲು

ಬಡವನಹಳ್ಳಿಯ ಆ ಬೀದಿಯಲ್ಲಿ ಒಂದೇ ಒಂದು ಗುಂಡುಕಲ್ಲು ಉಳಿದಿದ್ದರೂ ಕದಿರಯ್ಯನಿಗೆ ಆವತ್ತು ಅಷ್ಟು ಫಜೀತಿ ಆಗುತ್ತಿರಲಿಲ್ಲ. ಹಿಂದೆ ಮನೆಗೊಂದು ಒರಳಿತ್ತು, ಒರಳಿಗೊಂದು ಗುಂಡಿತ್ತು. ಮಿಕ್ಸಿ ಬಂತು ನೋಡಿ, ಒರಳುಗಳು ಹಿತ್ತಲು ಸೇರಿದವು, ಗುಂಡುಗಳು ಎಲ್ಲೆಲ್ಲಿಗೋ ಉರುಳಿಹೋದವು. ಮಿಕ್ಸಿಯಲ್ಲಿ ಚಟ್ನಿಯನ್ನೇನೋ ರುಬ್ಬಬಹುದು, ಮಿಕ್ಸಿಯನ್ನು ತೊಟ್ಟಿಲಲ್ಲಿ ಮಲಗಿಸಲಾಗುತ್ತದೆಯೆ?

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ಗುಂಡುಕಲ್ಲನ್ನು ಹಾಕಬೇಕು. ಕಲ್ಲಿಗೆ ಎಣ್ಣೆ ಹಚ್ಚಿ ನೀರೆರೆದು, ಕಾಡಿಗೆ ಬೊಟ್ಟಿಟ್ಟು, ಕುಲಾವಿ ತೊಡಿಸಿ, ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸುತ್ತಾ ಹೆಂಗಸರು ‘ಗುಂಡಪ್ಪನ್ನ ತಗೊಂಡು ಕೂಸ್ನ ಕೊಡಿ’ ಅನ್ನಬೇಕು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಅಂತ ಆಸೆ. ಈ ಗುಂಡಪ್ಪ ಇಲ್ಲದೆ ನಾಮಕರಣ ಮಾಡಿದರೆ ಆ ಕೂಸು ಮುಂದೆ ಒಮ್ಮೆ ಸೀನಿದರೂ ಬೀಗರು ಅದನ್ನೇ ಎತ್ತಿ ಆಡುತ್ತಾರೆ.

ಕೂಸು ಕದಿರಯ್ಯನ ಮಗಳದು, ಚೊಚ್ಚಲು. ತವರಿನಲ್ಲಿ ತೊಟ್ಟಿಲು ಶಾಸ್ತ್ರ. ತಾತ ಅನ್ನಿಸಿಕೊಂಡವನು ಇಲ್ಲದೆ ಹೇಗೆ? ಆದರೆ ಕದಿರಯ್ಯನಿಗೆ ರಜೆ ಸಿಕ್ಕಿರಲಿಲ್ಲ.

ಅವನ ಕೆಲಸವೂ ಕಲ್ಲಿನದೇ. ಬೆಂಗಳೂರಿನಲ್ಲಿ ಜನ ರಸ್ತೆಯ ಮೇಲೆಯೇ ಅರ್ಧ ಆಯುಷ್ಯ ಕಳೆಯುತ್ತಾರೆಂದು ಇನ್ನೊಂದು ಹೊಸ ಮೆಟ್ರೊ ಮಾರ್ಗದ ಯೋಜನೆ ಹಾಕಿದ್ದರು. ಸುರಂಗ ತೋಡುವ ಮುಂಚೆ ನೆಲದಡಿ ಏನಿದೆ ನೋಡಬೇಕಲ್ಲ. ಅದಕ್ಕೆ ರಸ್ತೆ ನಡುವೆ ತಗಡಿನ ಬೇಲಿ ಕಟ್ಟಿ, ನಮ್ಮಲ್ಲಿ ಬೋರ್‌ವೆಲ್ ಕೊರೆಯುವ ಹಾಗೆಯೇ ಕೊರೆದು, ಒಳಗಿನ ಬಂಡೆಯನ್ನು ಲಟ್ಟಣಿಗೆ ಗಾತ್ರದ ಉದ್ದುದ್ದ ತುಂಡುಗಳಾಗಿ ಹೊರತೆಗೆಯುತ್ತಾರೆ. ಒಂದೊಂದು ತುಂಡಿನ ಮೇಲೂ ಎಷ್ಟು ಆಳದ್ದು ಎಂದು ಬಣ್ಣದಲ್ಲಿ ಬರೆದು, ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಆ ಪೆಟ್ಟಿಗೆಗಳನ್ನು ಪಿಕಪ್ ಗಾಡಿಯಲ್ಲಿ ತುಮಕೂರಿನ ಲ್ಯಾಬಿಗೆ ಮುಟ್ಟಿಸುವುದು ಕದಿರಯ್ಯನ ಪಾಲಿಗೆ ಬಂದಿತ್ತು.

ಅದಕ್ಕೂ ಮುಂಚೆ ಅವನು ಕೊರಟಗೆರೆ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸಿದ. ಓನರ್ ಬಸ್ಸು ಮಾರಿದ. ಕೋಳಿ ಫಾರಮ್ಮಿನ ಲಾರಿ ಓಡಿಸಿದ. ಕೋಳಿಗಳಿಗೆ ರೋಗ ಬಂತು. ಅವನು ಸ್ಟೇರಿಂಗ್ ಮುಟ್ಟಿದ್ದೆಲ್ಲ ನಿಲ್ಲುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ವರ್ಷ ಪೂರ್ತಿ ನಡೆದ ಕೆಲಸ ಇದೊಂದೇ. ಬೀಗರಿಗೆ ‘ಮೆಟ್ರೊದಾಗೆ ಡ್ರೈವರ್’ ಎಂದು ಹೇಳಿದ್ದ. ಅವರು ರೈಲನ್ನೇ ಓಡಿಸುತ್ತಾನೆ ಅಂದುಕೊಂಡರು. ಅಂದುಕೊಂಡದ್ದನ್ನು ತಿದ್ದಲು ಕದಿರಯ್ಯ ಹೋಗಲಿಲ್ಲ. ಈ ಕೆಲಸವೂ ಹೋದರೆ ಮಗಳ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೈಟ್ ಎಂಜಿನಿಯರ್ ಅಂಜನ್ ಕುಮಾರ್ ವಯಸ್ಸಿನಲ್ಲಿ ಚಿಕ್ಕವನು, ಗದರುವುದರಲ್ಲಿ ಹಿರಿಯ. ರಜೆ ಕೇಳಿದ್ದಕ್ಕೆ ಪೆಟ್ಟಿಗೆ ತೋರಿಸಿದ್ದ. “ಸಂಜೆ ಲ್ಯಾಬ್ ಮುಚ್ಚೋದ್ರೊಳಗೆ ಇದು ಅಲ್ಲಿರ್ಬೇಕು. ಒಂದು ಪೀಸ್ ಕಮ್ಮಿಯಾದ್ರೂ ನಾಳೆಯಿಂದ ಬರ್ಬೇಡಿ ಕದಿರಯ್ಯ.”

ಸಂಜೆಗೆ ತಾನೆ? ಕದಿರಯ್ಯ ಕೋಳಿ ಕೂಗುವಾಗಲೇ ಬೆಂಗಳೂರು ಬಿಟ್ಟ. ತುಮಕೂರಿಗೆ ನೇರ ಹೋಗಬೇಕಾದ ಗಾಡಿ ದಾಬಸ್‌ಪೇಟೆಯಲ್ಲಿ ಬಲಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ದಾಟಿ ಬಡವನಹಳ್ಳಿಯ ಬೇವಿನ ಮರದ ಕೆಳಗೆ ನಿಂತಿತು. ಮೊಮ್ಮಗನ ಮುಖ ನೋಡಿದ, ಬೀಗರಿಗೆ ಕೈ ಮುಗಿದ. ತೊಟ್ಟಿಲ ಹತ್ತಿರ ಹೆಂಗಸರದೇ ಕಾರುಬಾರು, ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ಪಕ್ಕದ ಮನೆ ಜಗುಲಿಯ ಮೇಲೆ ಒಂದು ಗಳಿಗೆ ಅಡ್ಡಾದವನಿಗೆ ಜೊಂಪು ಹತ್ತಿತು.

ಎದ್ದಾಗ ಹೆಂಗಸರು ತಾಂಬೂಲ ಇಸಕೊಂಡು ಸಾಲಾಗಿ ಮನೆಗಳಿಗೆ ಹೋಗುತ್ತಿದ್ದರು. ಎಲ್ಲರ ಮುಖದಲ್ಲೂ ಕಳೆ. ಎಲ್ಲರ ಚೀಲದಿಂದಲೂ ಉದ್ದನೆಯದೇನೋ ಇಣುಕುತ್ತಿತ್ತು. ಕದಿರಯ್ಯ ತೃಪ್ತಿಯಿಂದ ಮೀಸೆ ತಿರುವಿದ. ಮೀಸೆ ಅಂದರೆ ಅದು ಮೀಸೆ, ಎರಡು ಕಡೆಯೂ ಕೆನ್ನೆ ದಾಟಿ ನಿಂತಿತ್ತು. ಅಷ್ಟರಲ್ಲಿ ಎದುರು ಮನೆಯ ಗೌರಕ್ಕ ಹಾದುಹೋದಳು. ಅವಳು ಕದಿರಯ್ಯನ ಹೆಂಡತಿ ವೇದಾವತಿಗೆ ದೊಡ್ಡಮ್ಮ ಆಗಬೇಕು. ಅವಳ ಕಂಕುಳಲ್ಲಿದ್ದದ್ದು ಕಲ್ಲು. ಕಲ್ಲಿನ ಮೇಲೆ ಅರಿಶಿನ ಕುಂಕುಮ, ಅದರ ಕೆಳಗೆ ಅರ್ಧ ಅಳಿಸಿದ ನೀಲಿ ಅಕ್ಷರ.

ಕದಿರಯ್ಯ ಗಾಡಿಯ ಹತ್ತಿರ ಓಡಿದ. ಪೆಟ್ಟಿಗೆಯಲ್ಲಿ ಎರಡು ವೀಳ್ಯದೆಲೆ ಬಿದ್ದಿದ್ದವು. ಅಷ್ಟೇ.

“ವೇದೂ, ಕಲ್ಲೆಲ್ಲಿ?”

ವೇದಾವತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಗುನಗುತ್ತಲೇ ಹೇಳಿದಳು. “ಗುಂಡುಕಲ್ಲು ಊರಾಗೆಲ್ಲ ಉಡುಕುದ್ರೂ ಸಿಗ್ಲಿಲ್ಲ ಕಣ್ರೀ. ನಿಮ್ ಗಾಡಿಯಾಗೆ ನೋಡುದ್ರೆ ಪೆಟ್ಗೆ ತುಂಬ ಅವೆ. ಒಂದು ತಗಂಡೋ. ಶಾಸ್ತ್ರ ಆದ್ಮೇಲೆ ದೊಡ್ಡಮ್ಮ ಅಂತು, ಇಷ್ಟೊಂದು ಅವಲ್ಲ, ಅಳಿಮಯ್ಯ ತಾಂಬೂಲಕ್ಕೇ ತಂದಿರ್ಬೇಕು ಅಂತ. ಸ್ಟೀಲ್ ಡಬ್ಬಿ ಎಲ್ರೂ ಕೊಡ್ತಾರೆ. ಕಲ್ಲು ಯಾರ್ ಕೊಟ್ಟವ್ರೆ? ಬೀಗಿತ್ತಿಗಂತೂ ಬೋ ಖುಸಿಯಾಯ್ತು.”

ಕದಿರಯ್ಯ ಪೆಟ್ಟಿಗೆಯತ್ತ ಒಮ್ಮೆ, ಮನೆಯತ್ತ ಒಮ್ಮೆ ನೋಡಿದ. ಏನಾಯಿತೆಂದು ಜೋರಾಗಿ ಹೇಳುವ ಹಾಗೂ ಇಲ್ಲ, ಬೀಗರು ಒಳಗೆ ಹೋಳಿಗೆ ತಿನ್ನುತ್ತಿದ್ದರು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಕುಣಿಯಿತು. ಅಂಜನ್ ಕುಮಾರ್. ಎಲ್ಲಿದ್ದೀರಿ ಎಂದು ಕೇಳಿದ. ದಾಬಸ್‌ಪೇಟೆ ಟೋಲ್ ಹತ್ತಿರ ಎಂದು ಕದಿರಯ್ಯ ಬಾಯಿಗೆ ಬಂದದ್ದು ಹೇಳಿದ. ಹಿಂದೆ ಕೂಸು ಯಾಕೆ ಅಳುತ್ತಿದೆ ಎಂದು ಆತ ಕೇಳಿದ್ದಕ್ಕೆ, ಪಕ್ಕದ ಕಾರಿನದು ಸಾರ್, ಟ್ರಾಫಿಕ್ಕು ನೋಡಿ ಅದಕ್ಕೂ ಬೇಜಾರಾಗಿದೆ ಎಂದ.

ಒಂದು ಪುಣ್ಯವೆಂದರೆ, ಪೆಟ್ಟಿಗೆ ಗಾಡಿಗೇರಿಸುವಾಗ ಅದರ ಫೋಟೊ ತೆಗೆಯುವುದು ಕಂಪನಿಯ ಪದ್ಧತಿ. ಯಾವ ತುಂಡು ಯಾವ ಸಾಲಿನಲ್ಲಿತ್ತು ಎಂಬುದು ಅವನ ಫೋನಿನಲ್ಲಿತ್ತು. ಕಲ್ಲು ವಾಪಸ್ ಬಂದರೆ ಜೋಡಿಸಬಹುದು. ಬರಬೇಕಲ್ಲ!

ಮೊದಲು ಗೌರಕ್ಕನ ಮನೆ. ಅವಳು ಆಗಲೇ ಅಡಿಗೆ ಮನೆಯಲ್ಲಿ ಕೂತು ಅದೇ ಕಲ್ಲಿನಲ್ಲಿ ಬೆಳ್ಳುಳ್ಳಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಕದಿರಯ್ಯ ಸುಳ್ಳು ಹೇಳಲು ಹೋಗದೆ, ಇದು ಸಾಯಂಕಾಲ ತುಮಕೂರಿನ ಲ್ಯಾಬಿಗೆ ಹೋಗಬೇಕಾದದ್ದು ಅತ್ತೆ, ಕೊಟ್ಟುಬಿಡಿ ಎಂದು ಬೇಡಿಕೊಂಡ.

ಗೌರಕ್ಕ ಕುಟ್ಟುವುದನ್ನು ನಿಲ್ಲಿಸಿ ಕಲ್ಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಕಲ್ಲಿಗೇನು ಕಾಯ್ಲೆ ಬಂದದೆ ಅಳಿಮಯ್ಯ, ಲ್ಯಾಬಿಗೋಗಕ್ಕೆ? ನಂಗೇ ಸುಗರ್ ಐತೆ ಅಂತ ವರ್ಸದಿಂದ ಬಡ್ಕಂತೀನಿ, ಒಬ್ರೂ ಕರ್ಕಂಡೋಗ್ಲಿಲ್ಲ.”

ಕಲ್ಲನ್ನೇನೋ ಕೊಟ್ಟಳು. ಆದರೆ ಅವನನ್ನು ಒಬ್ಬನೇ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಮನೆಮನೆಗೂ ಹಿಂದೆಯೇ ಬಂದು, ಅವನು ಬಾಯಿ ತೆರೆಯುವ ಮುಂಚೆ ತಾನೇ ಸುದ್ದಿ ಹೇಳಿದಳು. ಮೂರನೆಯ ಮನೆಯ ಹೊತ್ತಿಗೆ ಲ್ಯಾಬು ಅಕ್ಕಸಾಲಿಗರ ಅಂಗಡಿಯಾಗಿತ್ತು. ಐದನೆಯ ಮನೆಗೆ ಹೋಗುವಷ್ಟರಲ್ಲಿ ಮೆಟ್ರೊದವರು ಬೆಂಗಳೂರಿನಡಿ ಚಿನ್ನ ಸಿಕ್ಕಿದ್ದನ್ನು ಗುಟ್ಟಾಗಿ ಸಾಗಿಸುತ್ತಿದ್ದಾರೆ ಎಂಬಲ್ಲಿಗೆ ಮುಟ್ಟಿತ್ತು. ಕೊಟ್ಟ ತಾಂಬೂಲ ವಾಪಸ್ ಕೇಳುವವನು ಸುಮ್ಮನೆ ಕೇಳುತ್ತಾನೆಯೆ? ಜನ ಯೋಚಿಸತೊಡಗಿದರು. ಕಲ್ಲುಗಳು ರಾಗಿ ಗುಡಾಣದೊಳಗೆ, ದಿಂಬಿನ ಕೆಳಗೆ, ಹುಲ್ಲಿನ ಮೆದೆಯೊಳಗೆ ಸೇರಿಕೊಂಡವು. ಒಬ್ಬಾಕೆ ತನಗೆ ತಾಂಬೂಲವೇ ಸಿಕ್ಕಿಲ್ಲ ಎಂದು ಮೊಮ್ಮಗನ ಮೇಲೆ ಆಣೆ ಇಟ್ಟಳು, ಅದೂ ಕದಿರಯ್ಯನ ಮೊಮ್ಮಗನ ಮೇಲೆ.

ಪೊಲೀಸ್ ಸೆಲೆಕ್ಷನ್ನಿಗೆ ತಯಾರಾಗುತ್ತಿದ್ದ ಯುವರಾಜ್ ತನ್ನ ತಾಯಿಗೂ ಅತ್ತಿಗೆಗೂ ಬಂದಿದ್ದ ಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದು ಅಂಗಳದಲ್ಲಿ ಕಸರತ್ತು ಮಾಡುತ್ತಿದ್ದ. ಕೊಡುವುದಿಲ್ಲವೆಂದು ಅವನು ಹೇಳಲಿಲ್ಲ. ಫೋನಿನಲ್ಲಿ ನೋಡಿದೆನೆಂದೂ, ಇದು ಸಾಧಾರಣ ಕಲ್ಲಲ್ಲವೆಂದೂ, ಅಣ್ಣ ಒಬ್ಬನೇ ಎಲ್ಲವನ್ನೂ ನುಂಗುವುದು ಸರಿಯಲ್ಲವೆಂದೂ ಹೇಳಿದ. ಹೇಳುತ್ತಾ ಕಲ್ಲು ಎತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬಿಸಿಲು ನೆತ್ತಿ ದಾಟಿತ್ತು. ಮಧುಗಿರಿಯ ಮೇಲೆ ತುಮಕೂರು ಮುಟ್ಟಲು ಎಷ್ಟು ಹೊತ್ತು ಬೇಕೆಂಬುದು ಕದಿರಯ್ಯನಿಗೆ ಅಂಗೈಯಷ್ಟು ಪರಿಚಿತ. ಅಂಗಿ ಬೆನ್ನಿಗಂಟಿತ್ತು, ಬಾಯಿ ಒಣಗಿತ್ತು. ನಿಜ ಹೇಳಿದ್ದು ಕೆಟ್ಟಿತು. ಇನ್ನು ಸುಳ್ಳೇ ಗತಿ ಎಂದು ಯುವರಾಜನ ಕಿವಿಯ ಹತ್ತಿರ ಬಾಯಿ ತಂದ.

“ನಿಂಗೊಬ್ಬಂಗೇ ಹೇಳ್ತೀನಿ, ಯಾರ್ಗೂ ಹೇಳ್ಬೇಡ ಕಣ್ಲಾ. ಈ ಕಲ್ಲು ಎಲ್ಲಿರ್ತದೋ ಅಲ್ಲಿ ಮೆಟ್ರೊ ಲೈನ್ ಹೋಯ್ತದೆ ಅಂತ ಲೆಕ್ಕ. ನಾಳೆ ಬಂದು ಗೋಡೆ ಮೇಲೆ ಕೆಂಪು ಬಣ್ಣದಾಗೆ ಗುರ್ತು ಹಾಕ್ತಾರೆ. ಆಮೇಲೆ ಮನೆ ನಿಮ್ದಲ್ಲ.”

ಯಾರಿಗೂ ಹೇಳಬೇಡ ಎಂದದ್ದು ಊರು ಸುತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಡಿಯ ಹತ್ತಿರ ಹೆಂಗಸರ ಸಾಲು ನಿಂತಿತು. ರಾಗಿ ಮೆತ್ತಿದ ಕಲ್ಲು, ಹುಲ್ಲು ಅಂಟಿದ ಕಲ್ಲು, ಸಗಣಿ ತಗುಲಿದ ಕಲ್ಲು ಒಂದೊಂದಾಗಿ ಬಂದು ಬಿದ್ದವು. ತಾಂಬೂಲ ಸಿಕ್ಕೇ ಇಲ್ಲ ಎಂದಿದ್ದವಳು ಎರಡು ತಂದಳು. ಕದಿರಯ್ಯ ಮೊಣಕಾಲೂರಿ ಕೂತು, ಫೋಟೊ ನೋಡಿ ನೋಡಿ, ಉಗುರಿನಿಂದ ಕುಂಕುಮ ಕೆರೆದು, ಒಂದೊಂದನ್ನೂ ಅದರದರ ಜಾಗದಲ್ಲಿ ಮಲಗಿಸಿದ. ವೇದಾವತಿ ಒದ್ದೆ ಬಟ್ಟೆ ಹಿಡಿದು ಒರೆಸಿಕೊಟ್ಟಳು. ಗಂಡನ ಕೆಲಸಕ್ಕೆ ಕುತ್ತು ತಂದೆನೆಂದು ಅವಳ ಕಣ್ಣು ಕೆಂಪಾಗಿತ್ತು.

ಎಲ್ಲ ತುಂಬಿ ನಡುವೆ ಒಂದು ಜಾಗ ಖಾಲಿ ಉಳಿಯಿತು, ಬಾಯಲ್ಲಿ ಒಂದು ಹಲ್ಲು ಬಿದ್ದ ಹಾಗೆ. ಫೋಟೊದಲ್ಲಿ ನೋಡಿದರೆ ಅದೇ ಎಲ್ಲಕ್ಕಿಂತ ಉದ್ದದ್ದು. ಕರಿ ಕಲ್ಲು, ಅಡ್ಡಲಾಗಿ ಮೂರು ಬಿಳಿ ಪಟ್ಟೆ. ತೊಟ್ಟಿಲಲ್ಲಿ ಕುಲಾವಿ ತೊಟ್ಟು ಮಲಗಿದ್ದ ಗುಂಡಪ್ಪ ಅದೇ ಎಂದು ವೇದಾವತಿ ಗುರುತು ಹಿಡಿದಳು. ಅದನ್ನು ದೊಡ್ಡರಂಗಪ್ಪನ ಹೆಂಡತಿಗೆ ಕೊಟ್ಟಿದ್ದರು.

ದೊಡ್ಡರಂಗಪ್ಪ ಊರಾಚೆ ಹುಣಸೆ ಮರದಡಿಯ ಭೂತಪ್ಪನ ಗುಡಿಯ ಪೂಜಾರಿ. ಹೆಂಡತಿ ತಂದ ಕಲ್ಲನ್ನು ನೋಡಿದವನೇ ಅವನು ಕೈ ಮುಗಿದಿದ್ದ. ಮೂರು ಪಟ್ಟೆ ವಿಭೂತಿ ತಾನಾಗಿಯೇ ಮೂಡಿರುವ ಕಲ್ಲು ಅಡಿಗೆ ಮನೆಯಲ್ಲಿ ಇರುವುದುಂಟೆ? ಮಡಿಯುಟ್ಟು ಕೊಂಡೊಯ್ದು ಭೂತಪ್ಪನ ಪಕ್ಕದಲ್ಲಿ ನಿಲ್ಲಿಸಿ, ಹಾಲೆರೆದು, ಕಣಗಲೆ ಹೂವಿನ ಸರ ಹಾಕಿಬಿಟ್ಟಿದ್ದ. ಕದಿರಯ್ಯ ಹೋಗುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಬೀಗರೂ ಬಂದು ತೀರ್ಥ ತೆಗೆದುಕೊಳ್ಳುತ್ತಿದ್ದರು.

ಕದಿರಯ್ಯ ಮೆಟ್ರೊ ಗುರುತಿನ ಬೆದರಿಕೆಯನ್ನು ಇಲ್ಲಿಯೂ ಬಿಟ್ಟು ನೋಡಿದ. ದೊಡ್ಡರಂಗಪ್ಪ ಅಲುಗಾಡಲಿಲ್ಲ.

“ಕಲ್ಲಿದ್ದಲ್ಗೆ ಮೆಟ್ರೊ ಬತ್ತದೆ ಅಂದ್ರೆ ಬರ್ಲಿ ಬುಡಪ್ಪ. ರೈಲು ಬತ್ತದೆ, ರೈಲು ಬತ್ತದೆ ಅಂತ ನಮ್ಮಪ್ಪನ ಕಾಲ್ದಿಂದ ಕಾಯ್ತಾ ಇದೀವಿ. ಭೂತಪ್ಪನ ಪುಣ್ಯದಿಂದ ಮೆಟ್ರೊನಾದ್ರೂ ಬರ್ಲಿ. ಗುಡಿ ಮುಂದೇ ಸ್ಟೇಷನ್ನು ಮಾಡ್ಲಿ.”

ಜನ ಹೌದೌದು ಎಂದರು. ಮತ್ತೆ ಫೋನು. ಗಂಟೆ ಸದ್ದು ಏನು ಎಂದು ಅಂಜನ್ ಕುಮಾರ್ ಕೇಳಿದ. ದಾರಿಯಲ್ಲಿ ಗಣಪತಿ ಗುಡಿ ಸಾರ್, ಕೈ ಮುಗಿದು ಹೊರಟೆ ಎಂದ ಕದಿರಯ್ಯ. ಎಂಜಿನಿಯರ್ ಇನ್ನೊಮ್ಮೆ ಅದೇ ಮಾತು ಹೇಳಿ ಫೋನು ಇಟ್ಟ. ಒಂದು ಪೀಸ್ ಕಮ್ಮಿಯಾದರೂ ಬರಬೇಡಿ.

ಇನ್ನೇನು ಉಳಿದಿತ್ತು? ಕದಿರಯ್ಯ ದೊಡ್ಡರಂಗಪ್ಪನ ಕಾಲು ಹಿಡಿದ. ಪೂಜಾರಿಗೂ ಮನಸ್ಸು ಕರಗಿತು. ಆದರೆ ಒಮ್ಮೆ ದೇವರ ಪಕ್ಕ ಕೂತ ಕಲ್ಲನ್ನು ತಾನಾಗಿ ಎಬ್ಬಿಸುವ ಧೈರ್ಯ ಅವನಿಗಿಲ್ಲ. ಹೂ ಕೇಳೋಣ ಎಂದ. ನಮ್ಮ ಕಡೆ ಹೆಣ್ಣು ಕೊಡುವುದಿರಲಿ, ಬೋರು ಕೊರೆಸುವುದಿರಲಿ, ದೇವರ ಎರಡು ಹೆಗಲಿಗೂ ಒದ್ದೆ ಹೂ ಅಂಟಿಸಿ ಕೇಳುವುದೇ ರೂಢಿ. ಯಾವ ಕಡೆಯದು ಉದುರುತ್ತದೋ ಅದು ದೇವರ ಮಾತು. ಆಮೇಲೆ ಮೇಲ್ಮನವಿ ಇಲ್ಲ.

“ಕಲ್ಲು ಇಲ್ಲೇ ಇರ್ಬೇಕು ಅಂದ್ರೆ ಬಲ್ಗಡೆ ಕೊಡಪ್ಪ. ಹೋಗ್ಲಿ ಅಂದ್ರೆ ಎಡ್ಗಡೆ ಕೊಡು.”

ಕದಿರಯ್ಯ ಎಡಗಡೆಯ ಹೂವನ್ನೇ ಕಣ್ಣು ಮಿಟುಕಿಸದೆ ನೋಡಿದ. ಗಾಳಿಯಿರಲಿಲ್ಲ. ಬಲಗಡೆಯ ಹೂ ತಪ್ಪನೆ ಉದುರಿತು. ಜನ ಕೈ ಮುಗಿದರು. ವೇದಾವತಿ ಗಂಡನ ತೋಳು ಹಿಡಿದು, ದೇವರು ಹೇಳಿದ ಮೇಲೆ ಆಯಿತು, ಬಿಟ್ಟುಬಿಡಿ ಎಂದು ಮೆಲ್ಲಗೆ ಹೇಳಿದಳು. ಕದಿರಯ್ಯ ಕೇಳಲಿಲ್ಲ. ಹೂವಿಗೆ ನೀರು ಸಾಲದೆ ಬಿತ್ತು, ಇನ್ನೊಮ್ಮೆ ಕೇಳಿ ಎಂದು ಹಟ ಹಿಡಿದ. ಇನ್ನೊಮ್ಮೆ ಅಂಟಿಸಿದರು. ಪೂಜಾರಿ ಮಾತು ಮುಗಿಸುವ ಮುಂಚೆಯೇ ಮತ್ತೆ ಬಲಗಡೆ ಬಿತ್ತು.

ಆಗ ಕದಿರಯ್ಯ ಗುಡಿಯ ಮುಂದೆ ಉದ್ದಂಡ ಬಿದ್ದ. ಅವನಿಗೆ ಕೊಡಲು ಏನಿತ್ತು? ಕೋಳಿ ಕುರಿಗಳ ಹರಕೆ ಊರಿಗೆಲ್ಲ ಇದ್ದದ್ದೇ. ತನಗೆ ಪ್ರಾಣದಂಥದ್ದು ಕೊಟ್ಟರೆ ದೇವರೂ ಯೋಚಿಸಬಹುದು ಅನ್ನಿಸಿತು.

“ಮೀಸೆ ಕೊಡ್ತೀನಿ ಕಣಪ್ಪ. ಈಗ್ಲೇ ಕೊಡ್ತೀನಿ. ಕಲ್ಲು ಪೂರ್ತಿ ಲ್ಯಾಬಿಗೆ ಮುಟ್ಟಂಗೆ ಮಾಡು.”

ಆ ಮೀಸೆಯ ಬೆಲೆ ಊರಿಗೆಲ್ಲ ಗೊತ್ತಿತ್ತು. ಮೂರನೆಯ ಸಲ ಹೂ ಅಂಟಿಸಿದರು. ಬಹಳ ಹೊತ್ತು ಎರಡೂ ಹಾಗೇ ಇದ್ದವು. ದೇವರು ಯೋಚಿಸುತ್ತಿರುವಂತಿತ್ತು. ಕೊನೆಗೆ ಬೇಸರಗೊಂಡವರ ಹಾಗೆ ಎಡಗಡೆಯ ಹೂ ಜಾರಿ ಬಿತ್ತು.

ಯುವರಾಜ್ ಮನೆಗೋಡಿ ಟ್ರಿಮ್ಮರ್ ತಂದ. ಬೀಗರೆದುರಿಗೇ, ಹುಣಸೆ ಮರದ ಕೆಳಗೆ, ಕದಿರಯ್ಯನ ಮೀಸೆ ಹೋಯಿತು. ಮೂಗಿನ ಕೆಳಗೆ ತಣ್ಣಗಾಯಿತು, ಯಾರದೋ ಮುಖ ಹೊತ್ತುಕೊಂಡಂತಾಯಿತು. ಮನೆಗೆ ಬಂದರೆ ಮಗಳ ತೋಳಿನಲ್ಲಿದ್ದ ಕೂಸು ಅವನನ್ನು ನೋಡಿ ಕಿರುಚಿ ಅತ್ತಿತು. ಅವನು ಮಾತ್ರ ಕಲ್ಲನ್ನು ಎದೆಗವಚಿಕೊಂಡು ಹೋಗಿ ಪೆಟ್ಟಿಗೆಯ ಖಾಲಿ ಜಾಗದಲ್ಲಿಟ್ಟು ಮುಚ್ಚಳಕ್ಕೆ ಮೊಳೆ ಹೊಡೆದ.

ಆಮೇಲೆ ಗಾಡಿ ಓಡಿದ್ದನ್ನು ಕಂಡ ಮಧುಗಿರಿಯ ಟ್ರಾಫಿಕ್ ಪೇದೆ ಇಂದಿಗೂ ನೆನೆಯುತ್ತಾನಂತೆ. ಕೊರಟಗೆರೆಯಲ್ಲಿ ಸಂತೆಯ ಜನ, ಆಮೇಲೆ ಮುಂದೊಂದು ಕಡಲೆಕಾಯಿ ಲೋಡಿನ ಟ್ರ್ಯಾಕ್ಟರ್ ದಾರಿ ಬಿಡದೆ ಕಾಡಿತು. ತುಮಕೂರು ಮುಟ್ಟಿದಾಗ ಲ್ಯಾಬಿನ ಗೇಟು ಮುಚ್ಚುತ್ತಿದ್ದರು. ಕಾವಲಿನವನು ಗುರುತಿನ ಚೀಟಿ ನೋಡಿದ, ಮುಖ ನೋಡಿದ, ಮತ್ತೆ ಚೀಟಿ ನೋಡಿದ. ಇದರಲ್ಲಿರುವವರು ಬರಲಿ, ನೀವು ಯಾರು ಎಂದ. ಕದಿರಯ್ಯ ತೋರುಬೆರಳು ಎರಡನ್ನೂ ಮೂಗಿನ ಕೆಳಗೆ ಅಡ್ಡ ಹಿಡಿದು ತೋರಿಸಿದ. ಕಾವಲಿನವನು ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಪರೀಕ್ಷಿಸಿ ಗೇಟು ತೆಗೆದ.

ಲ್ಯಾಬಿನ ವನಜಾಕ್ಷಿ ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟಿದ್ದವರು, ಬೇಸರದಲ್ಲೇ ಪೆಟ್ಟಿಗೆ ತೆರೆಸಿದರು. ಒಂದು ತುಂಡು ಎತ್ತಿ ಮೂಸಿದರು. “ಏನಪ್ಪಾ ಇದು, ಬೆಳ್ಳುಳ್ಳಿ ವಾಸ್ನೆ?” ಮಣ್ಣಿನ ಗುಣ ಮೇಡಂ, ಮೇಲೆ ದರ್ಶಿನಿ ಹೋಟೆಲಿತ್ತು ಎಂದ ಕದಿರಯ್ಯ. ಅವರು ಸಾಲು ಸಾಲಾಗಿ ಫೋಟೊದೊಂದಿಗೆ ಹೋಲಿಸಿ ನೋಡುವಷ್ಟು ಹೊತ್ತೂ ಅವನು ಪಕ್ಕದಲ್ಲೇ ನಿಂತು ತುಂಡುಗಳನ್ನು ಎಣಿಸುತ್ತಿದ್ದ. ಕೊನೆಯ ಸಾಲು ಮುಗಿಯಿತು. ಮೇಡಂ ತಲೆದೂಗಿದರು. ಎಲ್ಲ ಸರಿಯಾಗಿತ್ತು. ಒಂದೂ ಕಮ್ಮಿಯಿರಲಿಲ್ಲ.

ಕದಿರಯ್ಯ ಅಲ್ಲೇ ಗೋಡೆಗೊರಗಿ ಕುಳಿತ. ಭೂತಪ್ಪ ಕೈ ಬಿಡಲಿಲ್ಲ, ಕೆಲಸ ಉಳಿಯಿತು. ಮೀಸೆ ಏನು, ಬೇಡವೆಂದರೂ ಬೆಳೆಯುತ್ತದೆ. ಅವನಿಗೆ ಸುಮ್ಮನೆ ನಗು ಬಂತು.

ಮೇಡಂ ಕೈ ತೊಳೆದು ಒರೆಸಿಕೊಳ್ಳುತ್ತಾ ಖುಷಿಯಾಗಿ ಮಾತಾಡಿದರು. “ಇದೇ ಕೊನೇ ಪೆಟ್ಟಿಗೆ ನೋಡಪ್ಪ. ಈ ಲೈನಿನ ಟೆಸ್ಟಿಂಗ್ ಇವತ್ತಿಗೆ ಮುಗೀತು. ಒಂದೇ ಒಂದು ಪೀಸ್ ಇಲ್ಲದಿದ್ರೂ ಮತ್ತೆ ರಸ್ತೆ ಮುಚ್ಚೋಕೆ ಪರ್ಮಿಶನ್ ತಗೊಂಡು, ಮೊದಲಿಂದ ಕೊರೀಬೇಕಾಗ್ತಿತ್ತು. ಹಿಂದಿನ ಲೈನಲ್ಲಿ ಒಬ್ಬ ಡ್ರೈವರ್ ಪೆಟ್ಟಿಗೆ ಬೀಳಿಸಿಬಿಟ್ಟ. ಅದನ್ನ ಮತ್ತೆ ಮಾಡೋಕೆ ಇಡೀ ತಂಡಕ್ಕೆ ಇನ್ನೊಂದು ವರ್ಷ ಕೆಲಸ ಸಿಕ್ತು.”

ಕದಿರಯ್ಯನ ನಗು ಮುಖದ ಮೇಲೆಯೇ ನಿಂತುಹೋಯಿತು. ಆ ಡ್ರೈವರನ್ನು ಕೆಲಸದಿಂದ ತೆಗೆಯಲಿಲ್ಲವೆ ಎಂದು ಕೇಳಿದ. ತೆಗೆಯುತ್ತೇವೆಂದು ಎಲ್ಲರಿಗೂ ಹೆದರಿಸುವುದುಂಟು, ಗಾಡಿ ಓಡಿಸಲು ಬೇರೆ ಯಾರು ಸಿಗುತ್ತಾರೆ ಎಂದು ಮೇಡಂ ನಕ್ಕರು.

ಅಷ್ಟರಲ್ಲಿ ಅಂಜನ್ ಕುಮಾರನ ಫೋನು ಬಂತು. ಈ ಸಲ ಅವನ ದನಿಯಲ್ಲಿ ಗದರಿಕೆಯಿರಲಿಲ್ಲ. ಕದಿರಯ್ಯನವರೇ ಎಂದು ಗೌರವ ಹಚ್ಚಿ, ಬಹಳ ಚೆನ್ನಾಗಿ ಕೆಲಸ ಮಾಡಿದಿರಿ, ಕಂಪನಿ ಮಷೀನುಗಳನ್ನು ಬೇರೆ ರಾಜ್ಯಕ್ಕೆ ಸಾಗಿಸುತ್ತಿದೆ, ಅಲ್ಲಿ ಅಲ್ಲಿಯವರೇ ಡ್ರೈವರುಗಳು, ಗಾಡಿಯ ಕೀಲಿಯನ್ನು ಕಾವಲಿನವನಿಗೆ ಕೊಟ್ಟು ಬಸ್ಸಿಗೆ ಊರಿಗೆ ಹೋಗಿ ಎಂದ.

ಕದಿರಯ್ಯ ಮಧುಗಿರಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಬಂದ. ಬಡವನಹಳ್ಳಿಯಲ್ಲಿ ಇಳಿದಾಗ ಬೀಗರು ಹೊರಡಲು ಚೀಲ ಹಿಡಿದು ನಿಂತಿದ್ದರು. ಮೆಟ್ರೊ ನಮ್ಮ ಕಡೆ ಯಾವಾಗ ಬರುತ್ತದೆ ಎಂದು ಬೀಗರು ಗೌರವದಿಂದ ಕೇಳಿದರು. ಬರುತ್ತದೆ, ಬರುತ್ತದೆ ಎಂದ ಕದಿರಯ್ಯ.

ಅವರು ಬಸ್ಸು ಹತ್ತಿದ ಮೇಲೆ ಜಗುಲಿಯ ಮೇಲೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಪೆಟ್ಟಿಗೆ ಪೂರ್ತಿ ಮುಟ್ಟಿದ್ದು, ಮುಟ್ಟಿದ್ದರಿಂದಲೇ ಕೆಲಸ ಹೋದದ್ದು, ಒಂದು ಕಲ್ಲು ಕಮ್ಮಿಯಿದ್ದಿದ್ದರೆ ಇನ್ನೊಂದು ವರ್ಷ ಇರುತ್ತಿದ್ದದ್ದು. ದೇವರು ಹೀಗೆ ಮಾಡಬಾರದಿತ್ತು ಎಂದು ಕೊನೆಗೆ ಹಲುಬಿದ.

ವೇದಾವತಿ ಅವನ ಬೋಳು ಮೂಗಿನಡಿಯನ್ನೇ ನೋಡಿದಳು.

“ಭೂತಪ್ಪನ್ನ ಯಾಕಂತೀರಿ? ಕಲ್ಲು ಇಲ್ಲೇ ಇರ್ಲಿ ಬುಡ್ಲಾ ಅಂತ ಎರ್ಡೆರ್ಡು ಸಲ ಬಲ್ಗಡೆ ಕೊಟ್ಟ. ಕೇಳ್ದೆ ಮೀಸೆ ಲಂಚ ಕೊಟ್ಟೋರು ನೀವೇ.”